ಒಳಗೆ ತಂದ ಮಣ್ಣು

ಭಾನುವಾರ, ಮಧ್ಯಾಹ್ನ

ಅಕ್ಕಾ,

ನಂಬಿ ಬಾಯಿಬಿಟ್ಟ ಹೆಂಗಸಿನ ಗುಟ್ಟನ್ನು ನಾನು ಬೀದಿಗೆ ಹಾಕಿದೆ. ನಿನ್ನ ಎರಡು ಕಾಗದಗಳಿಗೆ ಉತ್ತರ ಬರೆಯಲು ಕೈ ಬಾರದ್ದಕ್ಕೆ ಇದೇ ಕಾರಣ, ಕ್ಷಮಿಸು. ಸೊಂಟನೋವು ಕಡಿಮೆಯಾಯಿತೇ?

ನಾನು ಕೆಲಸ ಮಾಡುವ ಆಪ್ತಸಮಾಲೋಚನಾ ಕೇಂದ್ರ ನಿನಗೆ ಗೊತ್ತು. ವಾರಕ್ಕೊಮ್ಮೆ ಏಳು ಹೆಂಗಸರು ದುಂಡಗೆ ಕೂತು ಮನಸ್ಸಿನ ಭಾರ ಇಳಿಸಿಕೊಳ್ಳುತ್ತಾರೆ. ಒಂದು ಟ್ಯೂಬ್‌ಲೈಟು, ಒಂದು ಕಬ್ಬಿಣದ ಬೀರು, ಸದಾ ಮುಚ್ಚಿದ ಬಾಗಿಲು. ಅಲ್ಲಿ ಆಡಿದ ಮಾತು ಅಲ್ಲೇ ಉಳಿಯಬೇಕೆಂಬುದು ಮೊದಲ ನಿಯಮ. ನನಗೋ ಆ ಬಾಗಿಲು ಕಂಡರಾಗದು. ಮಣ್ಣು ಮುಟ್ಟಿದರೆ ಮನಸ್ಸು ತಾನಾಗಿ ಬಿಚ್ಚಿಕೊಳ್ಳುತ್ತದೆಂದು ಒಂದು ಕಿರುಪುಸ್ತಕದಲ್ಲಿ ಓದಿದ್ದೆ. ಹಿತ್ತಲ ಅತ್ತಿಮರದ ಕೆಳಗೆ ಕೂರಿಸೋಣವೆಂದು, ಕೇಂದ್ರ ನಡೆಸುವ ಮೇಡಂ ತಲೆ ತಿಂದೆ.

"ಗೋಡೆ ಆಚೆ ಏನಿದೆ, ನೋಡಿದ್ಯಾ?" ಎಂದರು.

ಮರಕ್ಕೆ ಗೋಡೆ ಗೊತ್ತಿಲ್ಲ ಎಂದೆ. ಆ ವಾಕ್ಯವೂ ಪುಸ್ತಕದ್ದೇ.

ಎಲ್ಲರೂ ಚಪ್ಪಲಿ ಬಿಟ್ಟು, ಕೈಗೊಂದು ಎಲೆ ಹಿಡಿದು ಕೂತರು. "ಮನೇಲಿ ಎಲೆ ಗುಡಿಸೋದೂ ನಾನೇ, ಇಲ್ಲಿ ಎಲೆ ಹಿಡ್ಕೊಂಡು ಕೂರೋದೂ ನಾನೇ" ಎಂದು ನಿವೃತ್ತ ನರ್ಸಮ್ಮ ಗೊಣಗಿದರು. ನಗು ಇನ್ನೂ ನಿಂತಿರಲಿಲ್ಲ, ನಾಲ್ಕು ತಿಂಗಳಿಂದ ತುಟಿ ಬಿಚ್ಚದ ಟೈಲರಕ್ಕ ಮಾತಾಡಿದಳು. ಮಗಳ ಪರೀಕ್ಷೆ ಮುಗಿದ ಮಾರನೆಯ ದಿನವೇ ಅವಳನ್ನು ಕರೆದುಕೊಂಡು, ಹೊಡೆಯುವ ಗಂಡನ ಮನೆ ಬಿಡುತ್ತಾಳಂತೆ. ನಾನು ಗೆದ್ದೆ ಅಂದುಕೊಂಡೆ.

ಗೋಡೆಯ ಆಚೆ ಆಟೋ ನಿಲ್ದಾಣ. ಅಲ್ಲಿ ಅವಳ ಮೈದುನ ಆಟೋದೊಳಗೆ ಕಾಲು ಚಾಚಿ ಮಲಗಿದ್ದ. ಅಂದು ಸಂಜೆಯೊಳಗೆ ಅತ್ತೆ ಮಗುವನ್ನು ತನ್ನ ತವರಿಗೆ ಸಾಗಿಸಿಬಿಟ್ಟಳು.

ಮೇಡಂ ಬೈಯಲಿಲ್ಲ, ವಕೀಲೆಯೊಬ್ಬರನ್ನು ಹುಡುಕಿದರು. ಬೈದಿದ್ದರೆ ಉಂಡ ಅನ್ನವಾದರೂ ಮೈಗೆ ಹತ್ತುತ್ತಿತ್ತು.

ಮೊನ್ನೆ ಟೈಲರಕ್ಕನ ಅಂಗಡಿಗೆ ಹೋದೆ. ಅವಳು ಹೊಲಿಗೆ ಮಿಷನ್ ನಿಲ್ಲಿಸಲಿಲ್ಲ. ಕ್ಷಮೆ ಕೇಳಿದೆ. ಒಂದು ತೋಳು ಹೊಲಿದು ಮುಗಿಸಿ, ದಾರ ಕಡಿದು ಹೇಳಿದಳು:

"ತಪ್ಪು ನಿಂದೇ ಕಣೇ. ಆದ್ರೆ ಆವತ್ತು ಕಾಲಿಗೆ ಮಣ್ಣು ತಣ್ಣಗಿತ್ತು, ಅದಕ್ಕೇ ಮಾತು ಬಂತು. ಅದನ್ನ ಸುಳ್ಳು ಅನ್ನಲ್ಲ. ಆ ಮಣ್ಣನ್ನೇ ಒಳಗೆ ತಗೊಂಡ್ ಬಾ. ಬಾಗಿಲು ಮಾತ್ರ ಹಾಕು."

ವಕೀಲೆಯ ಮುಂದೆ ಎಲ್ಲ ಹೇಳಲು ಅವಳು ಒಪ್ಪಿದ್ದಾಳೆ. ಆದರೆ ಗಂಡನ ಮನೆ ಬಿಟ್ಟು ಬಂದು ಬದುಕಿದವಳೊಬ್ಬಳು ಪಕ್ಕದಲ್ಲಿರಬೇಕಂತೆ. "ನಿಮ್ಮಕ್ಕ ಇದಾಳಲ್ಲ" ಎಂದಳು; ನೀನು ಬಿಟ್ಟು ಬಂದದ್ದು ಊರಿಗೇ ಗೊತ್ತಲ್ಲ. ನಿನ್ನನ್ನು ಕೇಳದೆ ಹೂಂ ಅನ್ನಲಿಲ್ಲ. ಅಷ್ಟಾದರೂ ಕಲಿತಿದ್ದೇನೆ.

ನಿನಗೆ ಒಳ್ಳೆಯದಾಗಲಿ. ತಂಗಿ ಅಕ್ಕನನ್ನು ಹರಸಬಾರದು ಅಂತೇನೂ ಇಲ್ಲವಲ್ಲ.

ನಿನ್ನ ತಂಗಿ

ಮತ್ತೆ: ಬರುವ ಮೊದಲು ಇದನ್ನು ಓದು. ಗಂಡನ ಮನೆ ಬಿಡುತ್ತೇನೆಂದು ಆರು ವರ್ಷದ ಹಿಂದೆ ಮಹಡಿ ಮೆಟ್ಟಿಲ ಮೇಲೆ ನನ್ನೊಬ್ಬಳಿಗೇ ಹೇಳಿದ್ದೆಯಲ್ಲ, ಅದನ್ನು ಅಪ್ಪನಿಗೆ ಮುಟ್ಟಿಸಿದ್ದು ಪಕ್ಕದ ಮನೆಯಾಕೆ ಅಲ್ಲ. ನಾನು. ಅಪ್ಪ ನಿನ್ನ ಪರ ನಿಲ್ಲುತ್ತಾರೆಂದು ನಂಬಿದ್ದೆ. ಅವರು ನಿನ್ನನ್ನು ಮತ್ತೆ ಆ ಮನೆಗೇ ಬಿಟ್ಟು ಬಂದರು. ಆಮೇಲೆ ಅಲ್ಲಿ ನೀನು ಕಳೆದ ಎರಡು ವರ್ಷ ನಾನು ಕೊಟ್ಟದ್ದು. ಪಕ್ಕದ ಮನೆಯಾಕೆಯೊಡನೆ ನೀನು ಮಾತು ಬಿಟ್ಟಾಗಲೂ ನಾನು ಬಾಯಿ ಬಿಡಲಿಲ್ಲ.

ನನಗಾಗಿ ಬರಬೇಡ, ಅವಳಿಗಾಗಿ ಬಾ. ಅತ್ತಿಮರದ ಬುಡದ ಮಣ್ಣನ್ನು ಬಾಣಲಿಯಲ್ಲಿ ತುಂಬಿ ಒಳಗಿಟ್ಟಿರುತ್ತೇನೆ. ಬಾಗಿಲು ಎಳೆದು, ಮಾತು ಕೇಳದಷ್ಟು ದೂರದಲ್ಲಿ, ಗೇಟಿನ ಬಳಿ ಕೂತಿರುತ್ತೇನೆ. ವಕೀಲೆ ಕೇಂದ್ರಕ್ಕೆ ಬರುವುದು ಗುರುವಾರ, ಸಂಜೆ ನಾಲ್ಕು ಗಂಟೆಗೆ.