ಹಾಜಿಯ ಹೆಸರಿನ ಕಾರು

ಅಲ್ ಉಲ್ಮಾ
ಗುರುವಾರ, ಮಾರ್ಚ್ ತಿಂಗಳು

ನನ್ನ ಕಣ್ಣಿನ ಬೆಳಕಾದ ಝುಹೇರನಿಗೆ,

ಅಪ್ಪನ ಸಲಾಮು. ಬೆಶಾರಿನ ಮರಳುಗಾಳಿ ನಿನ್ನ ಮೂಗಿಗೆ ಒಗ್ಗಿತೋ ಇಲ್ಲವೋ? ಬೂಟು ಕಚ್ಚುತ್ತಿದೆ ಎಂದು ಹೋದ ಸಲ ಬರೆದಿದ್ದೆ. ಸೇನೆಯ ಬೂಟಿಗೆ ಕಾಲು ಒಗ್ಗಬೇಕೇ ಹೊರತು ಕಾಲಿಗೆ ಬೂಟು ಒಗ್ಗುವುದಿಲ್ಲ, ಆಲಿವ್ ಎಣ್ಣೆ ಸವರು. ಹಲ್ಲುನೋವು ಹೇಗಿದೆ? ನಿನ್ನ ಅಮ್ಮ ವರ್ದಿಯಾ ದಿನಕ್ಕೆರಡು ಸಲ ನಿನ್ನ ಹಲ್ಲಿನ ಬಗ್ಗೆ ನನ್ನನ್ನು ಕೇಳುತ್ತಾಳೆ, ಅದು ನನ್ನ ಬಾಯಲ್ಲೇ ಇದೆಯೇನೋ ಎಂಬಂತೆ. ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ನನ್ನ ಬಲಗಣ್ಣಿನ ಪೊರೆ ಬಲಿಯುತ್ತಿದೆ ಎಂದು ಡಾಕ್ಟರು ಹೇಳಿದರು. ಬೇಸಾಯವಿಲ್ಲದ ನನಗೆ ಬಲಿಯುವುದು ಅದೊಂದಾದರೂ ಇರಲಿ ಎಂದೆ. ಅವರು ನಗಲಿಲ್ಲ.

ಈಗ ಲೆಕ್ಕಕ್ಕೆ ಬರುತ್ತೇನೆ. ಬಿಳಿ ಕಾರಿಗೆ ಹದಿನಾಲ್ಕು ಲಕ್ಷ ದಿನಾರು. ಹಾಜಿ ಮೆಸ್ಸಾವುದರ ಹಕ್ಕಿಗೆ ಎರಡೂವರೆ ಲಕ್ಷ. ಕ್ಲಚ್ಚು ಎರಡು ಸಲ, ಟರ್ಬೊ ಒಂದು ಸಲ, ಎಂಜಿನ್ನಿನ ಒಳಗಿನ ಟೈಮಿಂಗ್ ಬೆಲ್ಟು ನಾಲ್ಕು ಸಲ. ಟೈರುಗಳ ಲೆಕ್ಕವನ್ನು ಬರೆದರೆ ನನಗೇ ಹೊಟ್ಟೆ ಉರಿಯುತ್ತದೆ. ಎಲ್ಲ ಸೇರಿ ರಿಪೇರಿಗೆ ಒಂಬತ್ತು ಲಕ್ಷ. ಅಲ್ಲಿಗೆ ಇಪ್ಪತ್ತೈದೂವರೆ ಲಕ್ಷವಾಯಿತು. ಡೀಸೆಲ್ ಸೇರಿಸಿಲ್ಲ, ಕುದುರೆ ತಿಂದ ಹುಲ್ಲನ್ನು ಯಾರೂ ಕುದುರೆಯ ಬೆಲೆಗೆ ಸೇರಿಸುವುದಿಲ್ಲ. ಆರು ವರ್ಷದಲ್ಲಿ ಓಡಿದ್ದು ನಾಲ್ಕು ಲಕ್ಷ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಇಷ್ಟೆಲ್ಲ ಕೂಡಿಸಿ ಗೆರೆ ಎಳೆದ ಮೇಲೆ ಕೆಳಗೆ ಬರೆಯಬೇಕಾದದ್ದು ಇಷ್ಟೇ: ಆ ಕಾರು ಈಗ ನಮ್ಮದಲ್ಲ ಮಗನೇ.

ಕುಳಿತುಕೊಂಡು ಓದು. ಹೇಗಾಯಿತು ಎಂದು ಹೇಳುತ್ತೇನೆ.

ಕಾರು ತಂದಾಗ ನೀನಿನ್ನೂ ಶಾಲೆಗೆ ಹೋಗುತ್ತಿದ್ದೆ, ವ್ಯವಹಾರದ ಒಳಗು ನಿನಗೆ ಪೂರ್ತಿ ಗೊತ್ತಿಲ್ಲ. ಸ್ವಾತಂತ್ರ್ಯಕ್ಕೆ ಹೋರಾಡಿದ ಮುದುಕರಿಗೆ ಸುಂಕ ಕಟ್ಟದೆ ಹೊರಗಿನಿಂದ ಒಂದು ಕಾರು ತರಿಸುವ ಹಕ್ಕುಂಟು. ಹಾಜಿ ಮೆಸ್ಸಾವುದರಿಗೆ ಕಾರೂ ಬೇಕಿರಲಿಲ್ಲ, ಓಡಿಸಲೂ ಬರುತ್ತಿರಲಿಲ್ಲ. ಊರಿನವರೆಲ್ಲ ಮಾಡುವಂತೆ ಅವರು ಹಕ್ಕು ಮಾರಿದರು, ನಾನು ಕೊಂಡೆ. ದುಡ್ಡು ನನ್ನದು, ಕಾರು ಅವರ ಹೆಸರಿಗೆ. ಐದು ವರ್ಷ ಹೆಸರು ಬದಲಾಯಿಸುವಂತಿಲ್ಲ. ಅಲ್ಲಿಯವರೆಗೆ ಓಡಿಸಲು ನನಗೆ ಒಂದು ಅಧಿಕಾರಪತ್ರ, ಐದು ವರ್ಷವಾದ ಮೇಲೆ ಪುರಸಭೆಗೆ ಹೋಗಿ ಅವರು ಒಂದು ಸಹಿ ಹಾಕಿದರೆ ಕಾರು ನನ್ನದು. ಈ ವ್ಯಾಪಾರದಲ್ಲಿ ಇರುವುದು ಒಂದೇ ಅಪಾಯ. ಮುದುಕರು ಐದು ವರ್ಷ ಬದುಕಿರಬೇಕು.

ಹಾಗಾಗಿ ನಾನು ಎರಡನ್ನು ಸಾಕಿದೆ, ಕಾರನ್ನೂ ಹಾಜಿಯನ್ನೂ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಕಾರಿಗೆ ಎಣ್ಣೆ, ತಿಂಗಳಿಗೊಮ್ಮೆ ಹಾಜಿಗೆ ಸಕ್ಕರೆ ಕಾಯಿಲೆಯ ಪರೀಕ್ಷೆ. ಶುಕ್ರವಾರ ಮಸೀದಿಗೆ ಕರೆದೊಯ್ಯುವುದು, ಸತೀಫಿನ ಆಸ್ಪತ್ರೆಗೆ ಕರೆದೊಯ್ಯುವುದು, ಸತ್ತ ಗೆಳೆಯರ ಮನೆಗಳಿಗೆ ಕರೆದೊಯ್ಯುವುದು. ಹಿಂದಿನ ಸೀಟು ಮಡಚಿ ಬಟ್ಟೆಯ ಗಂಟುಗಳನ್ನು ತುಂಬಿ ನಾನು ಸಂತೆಗೆ ಹೊರಟಿದ್ದರೂ ಮುಂದಿನ ಸೀಟು ಮಾತ್ರ ಅವರ ಮಂಡಿ ಬಗ್ಗದ ಕಾಲಿಗಾಗಿ ಹಿಂದಕ್ಕೆ ಸರಿದೇ ಇರುತ್ತಿತ್ತು. ನಿನ್ನಮ್ಮ ಅಲ್ಲಿ ಕುಳಿತಾಗಲೆಲ್ಲ 'ಇದೇನು ನಿಮ್ಮ ಎರಡನೇ ಹೆಂಡತಿಯ ಜಾಗವಾ' ಎಂದು ಚುಚ್ಚುತ್ತಿದ್ದಳು. ಹಾಜಿಯೂ ಕಡಿಮೆಯವರಲ್ಲ. ಕಾರಿಗೆ ಕೆಮ್ಮು ಬಂದ ದಿನ 'ಲಮ್ರಿ, ನಿನ್ನ ಕಾರಿಗೂ ನನ್ನ ಮಾತ್ರೆ ಒಂದು ಹಾಕೋ' ಎನ್ನುವರು. 'ನಿಮ್ಮ ಹೆಸರಲ್ಲಿರೋ ಕಾರು ಹಾಜಿ, ನಿಮ್ಮ ಕೆಮ್ಮೇ ಅದಕ್ಕೆ ಬಂದಿರೋದು' ಎಂದು ನಾನು. ಬರಬರುತ್ತಾ ಲೆಕ್ಕ ಹೇಗೆ ಕಲಸಿಹೋಯಿತೋ ಗೊತ್ತಿಲ್ಲ. ಬುಧವಾರ ಕೆಲಸವಿಲ್ಲದಿದ್ದರೂ ಅವರ ಬಾಗಿಲಲ್ಲಿ ಹಾರನ್ ಹೊಡೆಯುತ್ತಿದ್ದೆ.

ಕಳೆದ ವಸಂತಕ್ಕೆ ಐದು ವರ್ಷ ತುಂಬಿತು. ಅವತ್ತೇ ಸಹಿ ಹಾಕಿಸಬಾರದಿತ್ತೇ ಎಂದು ನೀನು ಕೇಳುತ್ತೀ. ಊರಿಡೀ ಕೇಳುತ್ತಿದೆ. ಮೊದಲು ಹಾಜಿಯ ಗುರುತಿನ ಚೀಟಿಯ ಅವಧಿ ಮುಗಿದಿತ್ತು. ಹೊಸದು ಬರುವ ಹೊತ್ತಿಗೆ ಅವರ ಕಾಲಿನ ಹೆಬ್ಬೆರಳು ಕಪ್ಪಾಗಿತ್ತು. ಬೆರಳು ತೆಗೆದರು, ಆಮೇಲೆ ಪಾದ ತೆಗೆದರು. ನೀನು ಸೇನೆಗೆ ಹೊರಟ ವಾರ ಅವರು ಮಂಚ ಹಿಡಿದರು. ಪುರಸಭೆಯ ಗುಮಾಸ್ತನನ್ನು ಮನೆಗೇ ಕರೆತರಬಹುದಿತ್ತು, ಅದಕ್ಕೂ ದಾರಿಯುಂಟು. ಕಾಗದಗಳನ್ನೆಲ್ಲ ಸಿದ್ಧಮಾಡಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡು ಹೋದೆ. ಅವರ ಸೊಸೆ ಕಾಫಿ ತಂದಿಟ್ಟಳು, ಕುಡಿದೆ. ಹವೆಯ ಬಗ್ಗೆ ಮಾತಾಡಿದೆವು. ಎದ್ದು ಬಂದೆ. ಮರುವಾರವೂ ಹಾಗೆಯೇ. ಸಹಿ ಹಾಕಿ ಎಂದು ಹೇಗೆ ಹೇಳಲಿ ಝುಹೇರ್? ಬದುಕಿರುವ ಮನುಷ್ಯನ ಮಂಚದ ಪಕ್ಕ ನಿಂತು ಕಫನಿನ ಬಟ್ಟೆ ಅಳೆದ ಹಾಗೆ. ಬಟ್ಟೆ ಅಳೆಯುವುದೇ ನನ್ನ ಕಸುಬು, ಆದರೂ ಆಗಲಿಲ್ಲ.

ಒಂದು ದಿನ ಅವರೇ ಕೇಳಿದರು, 'ಏನೋ ಲಮ್ರಿ, ಬಗ್ಗಿದಾಗೆಲ್ಲ ನಿನ್ನ ಜೇಬು ಸರಸರ ಅಂತದಲ್ಲ, ಏನದು?'

'ವ್ಯಾಪಾರದ ಚೀಟಿ ಹಾಜಿ.'

'ವ್ಯಾಪಾರ ಜೋರಾಗಿರ್ಬೇಕು, ಎದೆ ದಪ್ಪ ಆಗಿದೆ,' ಎಂದು ನಕ್ಕು ಗೋಡೆ ಕಡೆ ಹೊರಳಿದರು. ಅವರಿಗೆ ಗೊತ್ತಿತ್ತು ಎಂದೇ ನನಗನಿಸುತ್ತದೆ. ತಾನಾಗಿ 'ಕೊಡು, ಸಹಿ ಹಾಕ್ತೀನಿ' ಎಂದರೆ ಇನ್ನು ಏಳುವುದಿಲ್ಲ ಎಂದು ಒಪ್ಪಿಕೊಂಡಂತೆ. ಹೋರಾಟದ ಕಾಲದಲ್ಲಿ ಬೆಟ್ಟದಲ್ಲಿ ಏಳು ವರ್ಷ ಸಾಯದೆ ಉಳಿದವರು ಅವರು, ಹಾಗೆ ಒಪ್ಪುವ ಜಾತಿಯಲ್ಲ. ಅವರು ಹೇಳಲಿ ಎಂದು ನಾನು, ನಾನು ಕೇಳಲಿ ಎಂದು ಅವರು. ಇಬ್ಬರ ಮರ್ಯಾದೆಯ ನಡುವೆ ಕಾರು ನಿಂತಿತು. ಜನವರಿಯ ಹಿಮ ಬಿದ್ದ ಬೆಳಿಗ್ಗೆ ಅವರು ಹೋದರು. ಶವಪೆಟ್ಟಿಗೆಯ ಹಿಂದೆ ಮೊದಲನೆಯದಾಗಿ ಹೋದದ್ದು ನಮ್ಮ ಕಾರೇ. ಕಾಗದಗಳು ಆಗಲೂ ಜೇಬಿನಲ್ಲಿದ್ದವು.

ಸಾವಿನ ನಲವತ್ತನೇ ದಿನದ ಊಟದವರೆಗೆ ಯಾರೂ ಕಾರಿನ ಮಾತೆತ್ತಲಿಲ್ಲ. ಮರುದಿನ ಹಾಜಿಯ ಹಿರಿಯ ಮಗ ರಬಾಹ್ ನನ್ನ ಬಟ್ಟೆಯಂಗಡಿಗೆ ಬಂದ. ಕಾಫಿ ತರಿಸಿದೆ. ಅವನ ಮಾತು ಜೇನು. 'ಕಾಕಾ ಲಮ್ರಿ, ನಮ್ಮಪ್ಪನಿಗೆ ನೀವು ನನಗಿಂತ ಹೆಚ್ಚು ಮಗನಾಗಿದ್ರಿ. ಒಂದು ಕಾರಿಗೋಸ್ಕರ ನಮ್ಮೊಳಗೆ ಮಾತು ಬರಬಾರದು.'

'ಮಗ ಅಂದ್ಯಲ್ಲ, ಹಾಗಾದ್ರೆ ನನ್ನ ಪಾಲೆಷ್ಟು?' ಎಂದೆ.

'ನಾನೊಬ್ಬನೇ ಆಗಿದ್ರೆ ಹೇಳ್ತಿದ್ದೆ. ತಂಗೀರಿದ್ದಾರೆ, ಅವರ ಗಂಡಂದಿರಿದ್ದಾರೆ. ಅಪ್ಪನ ಸಹಿ ಏನಾದ್ರೂ ಇದ್ಯಾ?'

ಸಹಿ ಇರಲಿಲ್ಲ. ವಕೀಲರ ಬಳಿ ಹೋದೆ. ಅಧಿಕಾರಪತ್ರ ಬರೆದುಕೊಟ್ಟವನ ಜೊತೆಗೇ ಸಾಯುತ್ತದೆ ಎಂದರು, ಆ ಮಾತಿಗೂ ದುಡ್ಡು ತೆಗೆದುಕೊಂಡರು. ಮಸೀದಿಯ ಹಿರಿಯರು ಸೇರಿದರು. ಧರ್ಮ ಲಮ್ರಿಯ ಕಡೆಗಿದೆ, ಕಾಗದ ರಬಾಹ್ ಕಡೆಗಿದೆ ಎಂದು ಸರಿಯಾಗಿಯೇ ಹೇಳಿ ಎದ್ದುಹೋದರು. ಬೇಕಾದರೆ ಹನ್ನೊಂದು ಲಕ್ಷಕ್ಕೆ ನಿಮಗೇ ಮಾರುತ್ತೇವೆ ಎಂದ ರಬಾಹ್. ನನ್ನ ಕಾರನ್ನು ನನಗೆ ಮಾರುವಾಗಲೂ ಅವನು ದೇವರಾಣೆ ಬೆಲೆ ಕಡಿಮೆ ಹೇಳಿದ್ದೇನೆ ಎಂದ. ಅಷ್ಟು ದುಡ್ಡು ನನ್ನಲ್ಲಿಲ್ಲ. ಇದ್ದಿದ್ದರೂ ಕೊಡುತ್ತಿದ್ದೆನೋ ಇಲ್ಲವೋ.

ನಿನಗೆ ಕೊಟ್ಟ ಮಾತು ನನಗೆ ನೆನಪಿದೆ. ಬಸ್ ನಿಲ್ದಾಣದಲ್ಲಿ ನಿನ್ನ ತಲೆ ಬೋಳಿಸಿದ ಗುರುತು ನೋಡಲಾಗದೆ, ನೀನು ಸೇನೆ ಮುಗಿಸಿ ಬರುವ ದಿನ ಬೀಗದ ಕೈ ನಿನ್ನ ಕೈಗೆ, ಸಂತೆಗಳೆಲ್ಲ ನಿನ್ನವು ಎಂದಿದ್ದೆ. ಈ ಕಣ್ಣಿನಲ್ಲಿ ನಾನು ಇನ್ನೆಷ್ಟು ದಿನ ಓಡಿಸಲಿ, ನೀನು ಬಂದರೆ ಮನೆ ನಡೆಯುತ್ತದೆ ಎಂಬ ಲೆಕ್ಕ ಅದು. ಈಗ ಬಟ್ಟೆಯ ಗಂಟುಗಳನ್ನು ಬೇರೆಯವರ ವ್ಯಾನಿನಲ್ಲಿ ಆಲೂಗಡ್ಡೆ ಮೂಟೆಗಳ ಮೇಲೆ ಹಾಕಿಕೊಂಡು ಹೋಗುತ್ತೇನೆ. ಮದುಮಗಳ ಉಡುಪಿನ ಜರಿಬಟ್ಟೆಯಲ್ಲೂ ಮಣ್ಣಿನ ವಾಸನೆ. ದೂರದ ಸಂತೆಗಳು ಎರಡು ಕೈಬಿಟ್ಟವು. ಊಟಕ್ಕೆ ಕೂತಾಗ ನಿನ್ನಮ್ಮ ಕುಸ್ಕುಸಿನಲ್ಲಿನ ಮಾಂಸವನ್ನು ನನ್ನ ಕಡೆಗೆ ತಳ್ಳುತ್ತಾಳೆ. ಬೈದಿದ್ದರೆ ಹಗುರವಾಗುತ್ತಿತ್ತು.

ಬೀಗದ ಕೈ ಕೊಟ್ಟ ದಿನ ಕಾರು ತೊಳೆದು ಕೊಟ್ಟೆ. ಹಾಜಿಯ ಜಪಮಾಲೆ ಕನ್ನಡಿಗೆ ನೇತಾಡುತ್ತಿತ್ತು, ಅದು ಅವರದೇ, ಬಿಟ್ಟೆ. ರಬಾಹ್ ಸ್ಟೇರಿಂಗ್ ಹಿಡಿದು ಕುಳಿತು, 'ಹೇಳೋದು ಏನಾದ್ರೂ ಇದ್ಯಾ ಕಾಕಾ, ಗಾಡಿ ವಿಚಾರ?' ಎಂದ.

'ನನ್ನನ್ಯಾಕೆ ಕೇಳ್ತೀಯಪ್ಪ. ಸಹಿ ಇಲ್ಲದೋನು ನಾನು. ಕಾಗದ ಇದ್ಯಲ್ಲ, ಅದನ್ನ ಕೇಳು.'

ಆದರೆ ಹೇಳುವುದಿತ್ತು. ಅದು ನಿನಗೂ ಗೊತ್ತು. ಟೈಮಿಂಗ್ ಬೆಲ್ಟಿನ ಆಯುಸ್ಸು ಎಂಬತ್ತು ಸಾವಿರ ಕಿಲೋಮೀಟರು. ಹಿಂದಿನದು ಹಾಕಿಸಿದ್ದು ಮೂರು ಲಕ್ಷದ ಹದಿನೈದು ಸಾವಿರದಲ್ಲಿ, ನೀನೇ ಟಾರ್ಚು ಹಿಡಿದು ನಿಂತಿದ್ದೆ. ಈಗ ಅವಧಿ ದಾಟಿದೆ. ಅದು ಹರಿಯುವ ಮೊದಲು ಕೂಗುವುದಿಲ್ಲ, ದೀಪ ಹತ್ತುವುದಿಲ್ಲ. ಓಡುತ್ತಿರುವಾಗಲೇ ಎಂಜಿನ್ನು ಸತ್ತುಹೋಗುತ್ತದೆ, ಸ್ಟೇರಿಂಗ್ ಕಲ್ಲಾಗುತ್ತದೆ, ಬ್ರೇಕು ಕಾಲಿಗೆ ಬಗ್ಗುವುದಿಲ್ಲ. ಹರಿಯಲಿ ಎಂದುಕೊಂಡೆ. ಕಾರು ಆಸ್ತಿಯಲ್ಲಿ ಬರುತ್ತದೆ, ಅದರ ಕಾಯಿಲೆಯ ತಿಳಿವಳಿಕೆ ಬರುವುದಿಲ್ಲ. ಹನ್ನೊಂದು ಲಕ್ಷದ ಕಾರು ಗುಜರಿಯಾಗಿ ಅವನ ಬಾಗಿಲಲ್ಲಿ ನಿಂತಿರುವುದನ್ನು ನಾನು ಅಂಗಡಿಯಿಂದ ನೋಡುತ್ತೇನೆ ಎಂದುಕೊಂಡೆ. ಈ ಹದಿನೈದು ದಿನ ನನಗೆ ನಿದ್ದೆ ಬಂದಿದ್ದರೆ ಆ ಸುಖದಲ್ಲೇ.

ಹೀಗಿದೆ ನಮ್ಮ ಸಮಾಚಾರ. ರಜೆಗೆ ಬರುವಾಗ ಬಸ್ಸಿನಲ್ಲಿ ಬಾ, ನಿಲ್ದಾಣದಲ್ಲಿ ಬಿಳಿ ಕಾರಿಗೆ ಕಾಯಬೇಡ. ರಬಾಹ್ ಎದುರು ಬಂದರೆ ಸಲಾಮು ಹೇಳಿ ಮುಂದೆ ಹೋಗು, ನಿನ್ನ ಬಿಸಿರಕ್ತವನ್ನು ಬೆಶಾರಿನಲ್ಲೇ ಬಿಟ್ಟು ಬಾ. ಅಮ್ಮನ ಮುತ್ತುಗಳು ನಿನಗೆ. ಮರಳಿನಲ್ಲೂ ನಿನ್ನ ಹೆಜ್ಜೆ ಗಟ್ಟಿಯಾಗಿರಲಿ, ದೇವರು ನಿನ್ನನ್ನು ನಮ್ಮ ಹೊಸಿಲಿಗೆ ಮುಟ್ಟಿಸಲಿ.

ನಿನ್ನ ಅಪ್ಪ,
ಲಮ್ರಿ

ಮರೆತದ್ದು, ಶನಿವಾರ: ನಿನ್ನೆ ಅಂಚೆ ಇರಲಿಲ್ಲ, ಕಾಗದ ಮೇಜಿನ ಮೇಲೇ ಉಳಿಯಿತು, ಹಾಗಾಗಿ ಇದನ್ನು ಸೇರಿಸುತ್ತಿದ್ದೇನೆ. ಶುಕ್ರವಾರ ಬೆಳಿಗ್ಗೆ ರೊಟ್ಟಿ ತರಲು ಹೊರಟಾಗ ರಬಾಹ್ ಮನೆಯ ಮುಂದೆ ಕಾರಿಗೆ ಸಾಮಾನು ತುಂಬುತ್ತಿದ್ದರು. ಬಿಜಾಯಾದಲ್ಲಿ ಮದುವೆಯಂತೆ. ಅಂದರೆ ಖೆರ್ರಾಟಾ ಕಣಿವೆಯ ಕಡಿದಾದ ತಿರುವುಗಳನ್ನು ಇಳಿಯಬೇಕು. ಹಿಂದೆ ಹಾಜಿಯ ಹೆಂಡತಿ, ಮುಂದೆ ಹಾಜಿಯ ಸೀಟಿನಲ್ಲಿ ರಬಾಹ್‌ನ ಕಿರಿಮಗಳು ಮರಾಮ್. ಸೀಟು ಇನ್ನೂ ಹಿಂದಕ್ಕೇ ಇತ್ತು, ಅವಳ ಕಾಲು ನೆಲ ಮುಟ್ಟುತ್ತಿರಲಿಲ್ಲ. ನಾನು ದಾಟಿ ಹೋದೆ. ರೊಟ್ಟಿಯಂಗಡಿಯವರೆಗೂ ಹೋದೆ. ಎಂಜಿನ್ ಶುರುವಾದ ಸದ್ದು ಕೇಳಿತು, ಆ ಸದ್ದನ್ನು ನಾನು ಸಾವಿರ ಕಾರಿನ ನಡುವೆ ಗುರುತಿಸುತ್ತೇನೆ. ಓಡಿಬಂದು ಕಾರಿನ ಮುಂದೆ ನಿಂತೆ, ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು.

ಬೆಲ್ಟಿನ ವಿಷಯ ಹೇಳಿದೆ. ರಬಾಹ್ ನನ್ನ ಮುಖ ನೋಡಿ, 'ಅವತ್ತು ಕೇಳಿದಾಗ ಇರದಿದ್ದ ಕಾಯಿಲೆ ಇವತ್ತು ಮದುವೆ ದಿನ ಬಂತಾ ಕಾಕಾ? ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರಬೇಕು,' ಎಂದ. ಹಿಂದಿನ ಬಾಗಿಲು ತೆರೆದು ಹಾಜಿಯ ಹೆಂಡತಿ ಕೋಲೂರಿಕೊಂಡು ಇಳಿದರು. 'ಆರು ವರ್ಷ ನನ್ನ ಯಜಮಾನರನ್ನ ಇದರಲ್ಲಿ ಕೂರಿಸ್ಕೊಂಡು ತಿರುಗಿದೋನು ಹೇಳ್ತಿದ್ದಾನೆ. ಮಗೂನ ಇಳಿಸು,' ಎಂದರು. ಅವರೆಲ್ಲ ಟ್ಯಾಕ್ಸಿಯಲ್ಲಿ ಹೋದರು. ಬೀಗದ ಕೈಯನ್ನು ಮುದುಕಿ ನನ್ನ ಕೈಯಲ್ಲಿ ಇಟ್ಟುಹೋದರು. ಇವತ್ತು ಕಾರನ್ನು ಮೆಕ್ಯಾನಿಕ್ ಬಶೀರನ ಬಳಿಗೆ ಎಳೆಸಿಕೊಂಡು ಹೋಗಿ ಬಿಚ್ಚಿಸಿದೆ. ಹಳೆಯ ಬೆಲ್ಟು ಕೈಯಲ್ಲಿ ಒಣರೊಟ್ಟಿಯಂತೆ ಮುರಿಯಿತು. ಹೊಸದಕ್ಕೆ ದುಡ್ಡು ನಾನೇ ಕೊಟ್ಟೆ, ಯಾಕೆಂದು ಕೇಳಬೇಡ. ಸಂಜೆ ಕಾರನ್ನು ಅವರ ಬಾಗಿಲಲ್ಲಿ ನಿಲ್ಲಿಸಿ, ಹಾಜಿಯ ಸೀಟನ್ನು ಮುಂದಕ್ಕೆ ಸರಿಸಿ, ನಡೆದುಕೊಂಡು ಮನೆಗೆ ಬಂದೆ.

ಹಾಗಾಗಿ ಮೇಲೆ ಎಳೆದ ಗೆರೆಯ ಕೆಳಗೆ ತಿದ್ದಿಕೋ. ಹಾಜಿಗೆ ಆರು ವರ್ಷದ ಸವಾರಿ. ರಬಾಹ್‌ಗೆ ಕಾರು, ಜೊತೆಗೆ ಇನ್ನು ಎಂಬತ್ತು ಸಾವಿರ ಓಡುವ ಬೆಲ್ಟು. ಮರಾಮ್‌ಗೆ ಕಾಲು ನೆಲ ಮುಟ್ಟುವ ಸೀಟು. ವಕೀಲರಿಗೆ ಫೀಸು. ನಿನಗೆ ಬಸ್ಸಿನ ಟಿಕೆಟ್ಟು. ನನಗೆ ಆ ಒಂದು ಸುಖವಿತ್ತಲ್ಲ, ಅದೂ ಹೋಯಿತು.