ಸೂಜಿ ಕಚ್ಚಿಸಿಟ್ಟ ಜಾಗ

ಮನೆಯಿಂದ,
ಮಾರ್ಚ್ ೪, ಬುಧವಾರ ಬೆಳಿಗ್ಗೆ

ಪ್ರೀತಿಯ ಮಗನೇ,

ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಸಾಲೆ ಹೋಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ ಎಂದು ಕೇಳುವುದಿಲ್ಲ, ಹೇಗೂ ಸುಳ್ಳೇ ಹೇಳುತ್ತೀಯ. ನನ್ನ ಮಂಡಿ ನನ್ನ ಹೊಲಿಗೆ ಯಂತ್ರದ ಹಾಗೆ, ಸದ್ದು ಮಾಡಿದರೂ ನಡೆಯುತ್ತಿದೆ.

ಈಗ ನಿನ್ನ ಮಗಳ ವಿಷಯ. ಆ ಜ್ವರ ಬಿಟ್ಟು ಏಳು ತಿಂಗಳಾಯಿತು, ದಣಿವು ಮಾತ್ರ ಬಿಟ್ಟಿಲ್ಲ. ಮನೆ ತುಂಬ ತಿರುಗುತ್ತಿದ್ದ ನಮ್ಮ ಗಿರಗಿಟ್ಲೆ ಈಗ ಹಲ್ಲುಜ್ಜಿ ಬಂದು ಗೋಡೆಗೊರಗುತ್ತಾಳೆ. ಓದಿದ ಸಾಲು ಪುಟ ತಿರುಗಿಸುವಷ್ಟರಲ್ಲಿ ಮರೆತುಹೋಗಿರುತ್ತದೆ. ನೋಡುವವರಿಗೆ ಗುಂಡುಕಲ್ಲಿನ ಹಾಗಿದ್ದಾಳೆ, ಅದೇ ತಾಪತ್ರಯ. ನಾನೂ ಸೋಮಾರಿತನ ಅಂದುಕೊಂಡಿದ್ದೆ, ಮುಚ್ಚಿಡುವುದೇಕೆ. ಒಂದು ದಿನ ಗೆಲುವಾಗಿ ಎದ್ದಳು. ಗಾಳಿ ಬಂದಾಗ ತೂರಿಕೋ ಎಂದು, ಬಾಕಿ ಉಳಿದ ಪಾಠವನ್ನೆಲ್ಲ ಅವತ್ತೇ ಓದಿಸಿದೆ. ಮರುದಿನದಿಂದ ಒಂಬತ್ತು ದಿನ ಮಗು ಹಾಸಿಗೆ ಬಿಟ್ಟು ಏಳಲಿಲ್ಲ. ಡಾಕ್ಟರಮ್ಮ ನನ್ನನ್ನೇ ಬೈದರು, "ಸುಸ್ತಾಗೋ ಮುಂಚೆ ನಿಲ್ಲಿಸ್ಬೇಕಮ್ಮ, ಆದ್ಮೇಲಲ್ಲ" ಎಂದು. ಕಣ್ಣು ಮಂಜಾಗುವ ಮೊದಲೇ ಸೂಜಿಯನ್ನು ಬಟ್ಟೆಯಲ್ಲಿ ಕಚ್ಚಿಸಿಟ್ಟು ಏಳಬೇಕು, ಇಲ್ಲದಿದ್ದರೆ ಹೊಲಿಗೆ ಸೊಟ್ಟ, ಬಿಚ್ಚುವ ಕೆಲಸ ಎರಡರಷ್ಟು. ಐವತ್ತು ವರ್ಷ ಹೊಲಿದವಳಿಗೆ ಇದನ್ನು ಬೇರೆಯವರು ಹೇಳಬೇಕಾಯಿತಲ್ಲ, ನಾಚಿಕೆಯಾಯಿತು.

ಈಗ ಹಾಗೇ ಮಾಡುತ್ತಿದ್ದೇವೆ. ಇಪ್ಪತ್ತು ನಿಮಿಷ ಓದು. ಗೆಲುವಾಗಿದ್ದರೂ ನಿಲ್ಲಿಸಿ, ನಿಂತ ಸಾಲಿಗೆ ನನ್ನ ನೀಲಿ ಸೀಮೆಸುಣ್ಣದ ಗೆರೆ. ಆಮೇಲೆ ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗುವುದು. "ಇನ್ನೊಂದೇ ಪುಟ ಅಜ್ಜಿ" ಎಂದು ಅವಳು ಗೋಗರೆಯುತ್ತಾಳೆ, ನಾನು ಪುಸ್ತಕ ಕಸಿದುಕೊಳ್ಳುತ್ತೇನೆ. ಇಂಥ ಅಜ್ಜಿ ಎಲ್ಲಿದ್ದಾಳೆ ಹೇಳು. ಮೂರು ವಾರದಿಂದ ಒಂದು ದಿನವೂ ಹಾಸಿಗೆ ಹಿಡಿದಿಲ್ಲ.

ನಿನ್ನೆ ಶಾಲೆಗೂ ಹೋಗಿಬಂದೆ. ಹಾಜರಿ ಸಾಲದು, ವರ್ಷ ಹೋಗುತ್ತದೆ ಎಂದು ಹೆಡ್‌ಮಿಸ್ ಹೇಳಿಕಳಿಸಿದ್ದರು. "ಎಲ್ರಿಗೂ ಒಂದೇ ನಿಯಮ" ಅಂದರು. "ನಿಮ್ಮ ಮಕ್ಕಳ ಸಮವಸ್ತ್ರ ಹೊಲಿಯೋಳು ನಾನು. ಬಟ್ಟೆ ಎಲ್ರಿಗೂ ಒಂದೇ, ಅಳತೆ ಒಂದೇನಾ?" ಅಂದೆ. ನಕ್ಕುಬಿಟ್ಟರು. ಡಾಕ್ಟರಮ್ಮನ ಚೀಟಿ ಎರಡು ಸಲ ಓದಿ ಒಪ್ಪಿದರು. ಈ ವರ್ಷ ಮೂರು ವಿಷಯ, ಉಳಿದ ಮೂರು ಮುಂದಿನ ವರ್ಷ. ಪರೀಕ್ಷೆಯ ನಡುವೆ ಒರಗಲು ಪಕ್ಕದ ಕೋಣೆಯಲ್ಲಿ ಒಂದು ಮಂಚ. ಅರ್ಜಿಗೆ ಮನೆಯವರ ಸಹಿ ಬೇಕೆಂದರು, ನಾನೇ ಹಾಕಿದೆ. ನಿನ್ನನ್ನು ಕೇಳಲು ದಿನವಿರಲಿಲ್ಲ, ಇದ್ದಿದ್ದರೂ ಕೇಳುತ್ತಿರಲಿಲ್ಲ. ನಿಧಾನವಾದರೂ ಈ ಹುಡುಗಿ ದಡ ಸೇರುತ್ತಾಳೆ, ಬರೆದಿಟ್ಟುಕೋ.

ಕಡಲು ನಿನ್ನನ್ನು ನೆಟ್ಟಗೆ ಮನೆಗೆ ತಂದುಬಿಡಲಿ.

ನಿನ್ನ ಅಮ್ಮ

ತಾ.ಕ.: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. "ನಾಟಕ ಸಾಕು, ಎದ್ದು ಓದು" ಎಂದು ನೀನು ಅವಳಿಗೆ ಬರೆದ ಕಾಗದವನ್ನು ನಾನು ಕೊಟ್ಟಿಲ್ಲ. ಯಂತ್ರದ ಡ್ರಾಯರಿನಲ್ಲಿದೆ. ಅಪ್ಪ ಯಾಕೆ ಬರೆದಿಲ್ಲ ಎಂದು ದಿನಾ ಕೇಳುತ್ತಾಳೆ. ನಾಟಕ ಎಂಬ ಆ ಮಾತನ್ನು ಹಿಂದೆ ನಾನೂ ಅವಳಿಗೆ ಅಂದಿದ್ದೆ. ಆಗ ಅವಳು ಗೋಡೆಯ ಕಡೆ ತಿರುಗಿ, "ನಾಟಕಾನೇ ಆಗಿದ್ರೆ ಚೆನ್ನಾಗಿರ್ತಿತ್ತು ಅಜ್ಜಿ" ಅಂದಿದ್ದಳು. ಇನ್ನೊಂದು ಸಲ ಆ ಮಾತು ಅವಳ ಕಿವಿಗೆ ಬೀಳುವುದು ಬೇಡ. ಬೇರೆ ಕಾಗದ ಬರೆ, ಬೇಗ. ಚಿಕ್ಕದಾಗಿರಲಿ, ಇಪ್ಪತ್ತು ನಿಮಿಷದೊಳಗೆ ಓದಿ ಮುಗಿಯಬೇಕು.