ಜೋಡೆಮ್ಮೆ ಗುಡ್ಡದ ಚಿತ್ರ ಬರೆದವರಿಗೆ

ಮರುನೆಲ ಶಕೆ ಇನ್ನೂರ ಹನ್ನೊಂದು,
ಎರಡನೇ ಆಷಾಢದ ಮೂವತ್ತೇಳನೇ ದಿನ.
ಜೋಡೆಮ್ಮೆ ಗುಡ್ಡದ ಕೆಳಗಿನ ಹಿರೇಬಂಡಿಯಿಂದ.

ಮಾನ್ಯ ಪ್ರಭಂಜನ ತೊಗರ್ಸಿ ಅವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ಮಳೆಗಾಲ ಉದ್ದವಾದ ಮೇಲೆ ನಮ್ಮ ಹಿರಿಯರು ಆಷಾಢವನ್ನು ಎರಡು ಮಾಡಿ, ಎರಡನೆಯದನ್ನು ಮಳೆ ನಿಲ್ಲುವವರೆಗೂ ಎಳೆದರು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮೆ ಇರಲಿ. ಕ್ಷಮೆ ಎಂಬ ಪದ ಈ ಕಾಗದದಲ್ಲಿ ಇನ್ನು ಬರುವುದಿಲ್ಲ. ನಾನು ಕೆಂಚವ್ವ, ಈ ಊರಿನ ಮಕ್ಕಳಿಗೆ ಚಿತ್ರ ಕಲಿಸುವವಳು. ಹುಲಿಗಿ ಎಂಬ ಹುಡುಗಿಯ ತಾಯಿ. ನಿಮ್ಮದೊಂದು ಚಿತ್ರದಿಂದ ನನ್ನ ಮಗಳು ಸತ್ತಳು. ಅದು ನಿಮಗೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಹಾಕುವ ವ್ಯವಸ್ಥೆ. ಅದು ನಿಮ್ಮ ಕೈ ಸೇರುತ್ತದೆ, ನೀವು ಓದುತ್ತೀರಿ, ಆದರೆ ಅದರಿಂದ ನಮ್ಮಲ್ಲಿ ಆಗಿಹೋದದ್ದು ಕೂದಲಷ್ಟೂ ಬದಲಾಗುವುದಿಲ್ಲ. ಬದಲಾಗುವಂತಿದ್ದರೆ ನಾನು ಬೈಯಲು ಕೂರುತ್ತಿರಲಿಲ್ಲ, ನಿಮ್ಮ ಕಾಲು ಹಿಡಿಯುತ್ತಿದ್ದೆ.

ನಮ್ಮ ಗುಡ್ಡವನ್ನು ನಿಮ್ಮ ಕಾಲದವರೇ ಕ್ರಷರಿಗೆ ಹಾಕಿ ಜಲ್ಲಿ ಮಾಡಿದರು. ಆ ಲೆಕ್ಕ ಬೇರೆ, ಅದನ್ನು ಕೇಳುವವರು ಬೇರೆ ಇದ್ದಾರೆ. ಗುಡ್ಡ ಹೋಗಿ ಗಾಳಿ ಕೆಟ್ಟಿತು, ಕೆರೆ ಒಣಗಿತು. ಕೊನೆಗೆ ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಮರುಗುಡ್ಡದ ಕೆಲಸ ಶುರುವಾಯಿತು. ಇಲ್ಲದ ಗುಡ್ಡವನ್ನು ಇದ್ದ ಹಾಗೆಯೇ ಕಟ್ಟುವುದಕ್ಕೆ ನಾವು ಮರುಗುಡ್ಡ ಎನ್ನುತ್ತೇವೆ. ಬಂಡೆ ಬೆಳೆಸುವ ಯಂತ್ರಗಳಿವೆ, ಅದು ಕಷ್ಟವಲ್ಲ. ಕಷ್ಟವೆಂದರೆ ಗುಡ್ಡ ಹೇಗಿತ್ತು ಎಂದು ತಿಳಿಯುವುದು. ನಿಮ್ಮವರು ಫೋಟೊಗಳನ್ನು ಇಟ್ಟಿದ್ದ ಗೋದಾಮುಗಳೆಲ್ಲ ಸೆಕೆಗೆ ಹಾಳಾಗಿದ್ದವು. ನಮ್ಮ ಜೋಡೆಮ್ಮೆ ಗುಡ್ಡದ ಪಾಲಿಗೆ ಉಳಿದದ್ದು ಒಂದೇ ಚಿತ್ರ, ಬಹುಮಾನ ಬಂದಿತ್ತೆಂದು ಯಾರೋ ಹೆಂಚಿನ ಮೇಲೆ ಸುಟ್ಟು ಅಚ್ಚೊತ್ತಿಸಿದ್ದ ನಿಮ್ಮ ಚಿತ್ರ. ಮಲಗಿದ ಎರಡು ಎಮ್ಮೆಗಳಂಥ ಗುಡ್ಡ, ಅವುಗಳ ಬೆನ್ನಿನ ನಡುವೆ ಪಡುವಣಕ್ಕೆ ತೆರೆದ ಸಂದು, ಸಂದಿನೊಳಗೆ ಇಳಿಯುವ ಸೂರ್ಯ. ಕೆಳಗೆ ನಿಮ್ಮ ಹೆಸರು. ಹೆಸರಿನ ಪಕ್ಕದಲ್ಲಿ, ಸ್ಥಳದಲ್ಲೇ ಕೂತು ಕಣ್ಣಾರೆ ಕಂಡು ಬರೆದದ್ದು, ಎಂಬ ಮಾತು.

ಆ ಮಾತು ನಮ್ಮಲ್ಲಿ ಎಷ್ಟು ತೂಗುತ್ತದೆ ಎಂದು ನಿಮಗೆ ತಿಳಿಯಬೇಕಾದರೆ ನಮ್ಮ ಮಕ್ಕಳು ಕಲಿಯುವ ರೀತಿ ಹೇಳಬೇಕು. ಬೆಳಿಗ್ಗೆ ಎಲ್ಲರೂ ಬೆಳಕುಹಲಗೆ ಹಿಡಿದು ಹೊರಗೆ ಹೋಗುತ್ತಾರೆ. ಬೆಳಕುಹಲಗೆ ಎಂದರೆ ನಿಮ್ಮ ಟ್ಯಾಬ್ಲೆಟ್ಟಿನ ಮರಿಮಗಳು ಎಂದುಕೊಳ್ಳಿ. ಒಂದು ಬಂಡೆಯ ಮುಂದೆ ಕೂತು ಬಿಸಿಲು ಬಿದ್ದ ಮೈಯ ಬಣ್ಣ ಯಾವುದು, ನೆರಳಿನ ಬಣ್ಣ ಯಾವುದು, ನೆರಳಿನೊಳಗೆ ಆಕಾಶದ ಪಾಲು ಎಷ್ಟು ಎಂದು ನೋಡಿ ನೋಡಿ ಬರೆಯುತ್ತಾರೆ. ಚೆಂದ ಮಾಡುವ ಹಾಗಿಲ್ಲ. ಇದು ಕಣ್ಚಿತ್ರ, ಮೂಲೆಯಲ್ಲಿ ತೆರೆದ ಕಣ್ಣಿನ ಗುರುತು. ಊಟವಾದ ಮೇಲೆ ಒಳಗೆ ಕೂತು, ಬೆಳಿಗ್ಗೆ ಕಂಡದ್ದನ್ನು ಮನಸ್ಸಿನಲ್ಲಿ ಕಲಸಿ, ಎಲ್ಲೂ ಇಲ್ಲದ ಸೀಮೆಯನ್ನು ಬರೆಯುತ್ತಾರೆ. ಇದು ರೆಪ್ಪೆಚಿತ್ರ, ಮೂಲೆಯಲ್ಲಿ ಮುಚ್ಚಿದ ಕಣ್ಣು. ಕಲ್ಪನೆಯ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಹುಲಿಗಿ ಒಂದು ರೆಪ್ಪೆಚಿತ್ರದಲ್ಲಿ ಗುಡ್ಡದ ಎರಡೂ ಎಮ್ಮೆಗಳನ್ನು ಎಬ್ಬಿಸಿ, ಮೋಡ ಮೇಯಲು ಬಿಟ್ಟಿದ್ದಳು. ಬೆಳಗಿನ ಅಭ್ಯಾಸ ಗಟ್ಟಿಯಿದ್ದುದರಿಂದ ಆ ಎಮ್ಮೆಗಳ ನೆರಳು ಸರಿಯಾಗಿ ಬಿದ್ದಿತ್ತು, ಮೋಡವೂ ಹಸಿರು ಮೇವಿನ ಹಾಗೆ ಕಂಡಿತ್ತು. ಊರೆಲ್ಲ ನೋಡಿ ನಕ್ಕಿತು. ಆದರೆ ರೆಪ್ಪೆಚಿತ್ರಕ್ಕೆ ತೆರೆದ ಕಣ್ಣಿನ ಗುರುತು ಹಾಕುವುದು ನಮ್ಮಲ್ಲಿ ವಿಷ ಹಾಕಿದಷ್ಟೇ ದೊಡ್ಡ ಅಪರಾಧ. ಹಾಗೆ ಮಾಡಿದವರನ್ನು ನಮ್ಮ ತಲೆಮಾರಿನಲ್ಲಿ ಯಾರೂ ಕಂಡಿರಲಿಲ್ಲ.

ಅದಕ್ಕೇ ನಮ್ಮವರು ಮೋಸ ಹೋದರು. ಗುಡ್ಡ ಕಟ್ಟಿಸಿದವರಲ್ಲಿ ಕೊನೆಯವರಾದ ಯಂಕೋಬ ಮಾಸ್ತರರನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೆ, ಒಂದೇ ಚಿತ್ರ ನಂಬಿ ಇಷ್ಟು ದೊಡ್ಡ ಗುಡ್ಡ ಕಟ್ಟಿದಿರಲ್ಲ ಎಂದು. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕಣ್ಣಾರೆ ಕಂಡೇನಿ ಅಂತ ಬರದಾನಲ್ಲವ್ವಾ," ಎಂದರು, "ಕಾಣದ ಕಂಡೇನಿ ಅಂತ ಯಾರರ ಬರೀತಾರೇನು?" ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆ ನಿಮ್ಮ ಕಾಲದ್ದು. ನಮಗೆ ಅದರ ಅಗತ್ಯ ಬಿದ್ದಿರಲಿಲ್ಲ.

ಹೋದ ವರ್ಷದ ಮೊದಲ ಆಷಾಢದಲ್ಲಿ ಹಿಂದೆಂದೂ ಕಾಣದಂಥ ಮಳೆ ಬಂತು. ಮಳೆಯಲ್ಲಿ ಬಂಡೆಯ ಬಣ್ಣ ಬೇರೆಯಾಗುತ್ತದೆ, ಅದನ್ನು ಅಭ್ಯಾಸ ಮಾಡಲು ಮಕ್ಕಳೆಲ್ಲ ಕಾಯುತ್ತಿರುತ್ತಾರೆ. ಹುಲಿಗಿ ಬಾಗಿಲಲ್ಲಿ ನಿಂತು ಗುಡ್ಡ ನೋಡಿದಳು. "ಯವ್ವಾ, ಆ ಸಂದಿನ್ಯಾಗ ನೀರು ಯಾಕ ನಮ್ಮ ಕಡೀಗೆ ತಿರಿಗೇತಿ? ಬಣ್ಣ ಭಾಳ ಚಲೋ ಐತಿ, ಬರಕೊಂಡು ಬರ್ತೀನಿ," ಎಂದು ಹಲಗೆ ಎದೆಗೆ ಅವುಚಿಕೊಂಡು ಓಡಿದಳು. ಗುಡ್ಡದ ಮೇಲೆ ಬಿದ್ದ ನೀರೆಲ್ಲ ನೀವು ತೆರೆದಿಟ್ಟ ಸಂದಿನಿಂದ ಒಮ್ಮೆಲೇ ಊರಿಗೆ ನುಗ್ಗಿತು. ಅವಳು ಸಂದಿನ ಕೆಳಗೇ ಕೂತಿದ್ದಳು. ಹಲಗೆ ಸಿಕ್ಕಿತು, ಅವಳು ಮರುದಿನ ಸಿಕ್ಕಳು.

ನೀರು ಇಳಿದ ಮೇಲೆ ಊರವರು ಗುಡ್ಡದ ಬುಡದಲ್ಲಿ ಗಟ್ಟಿಯಾಗಿ ಕೂತಿದ್ದ ಹಳೇ ಜಲ್ಲಿಪುಡಿಯನ್ನು ಅಗೆದರು. ಅಡಿಯಲ್ಲಿ ಮೂಲಬಂಡೆ ಇತ್ತು, ಅದರಲ್ಲಿ ಯುಗಯುಗದಿಂದ ನೀರು ಕೊರೆದ ನುಣುಪಾದ ಕಾಲುವೆ ಇತ್ತು. ಅದು ಹೊರಟದ್ದು ಮೂಡಣಕ್ಕೆ, ಕೆರೆಯ ಕಡೆಗೆ. ಊರಿರುವ ಪಡುವಣದ ಕಡೆ ಎರಡೂ ಎಮ್ಮೆಗಳ ಬುಡ ಕೂಡಿ ಒಂದೇ ಗೋಡೆಯಾಗಿತ್ತು. ಅಲ್ಲಿ ಸಂದು ಎಂದೂ ಇರಲೇ ಇಲ್ಲ.

ಹಾಗಾದರೆ ನಿಮ್ಮ ಕಣ್ಣಿಗೆ ಅದು ಕಂಡದ್ದು ಹೇಗೆ ಎಂದು ನಾನು ತಿಂಗಳುಗಟ್ಟಲೆ ಹುಡುಕಿದೆ. ಎಲ್ಲೋ ಒಂದು ತಣ್ಣನೆಯ ನೆಲಮಾಳಿಗೆಯಲ್ಲಿ ಕೆಡದೆ ಉಳಿದ ನಿಮ್ಮದೊಂದು ಪಾಠದ ವಿಡಿಯೊ ಸಿಕ್ಕಿತು. ನಿಮ್ಮ ಮುಖವಿಲ್ಲ, ಪರದೆ ಮಾತ್ರ ಇದೆ, ಮತ್ತು ನಗುವ ದನಿ. "ಅಲ್ಲೀತನಕ ಹೋಗಿ ಸ್ಟಡಿ ಮಾಡ್ಬೇಕು ಅಂತಿದ್ದೆ ಗುರೂ, ಆ ಬಿಸಿಲಿಗೆ ಯಾರ್ ಹೋಗ್ತಾರೆ! ನೆಟ್‌ನಲ್ಲಿ ಒಂದು ಫೋಟೊ ಸಿಕ್ತು, ಸಾಕು. ಈ ಸಂದು ಆ ಕಡೆ ಇದೆ, ಇದನ್ನ ಈ ಕಡೆ ಎಳ್ಕೊಳ್ಳೋಣ, ಸನ್‌ಸೆಟ್ ಸಕ್ಕತ್ತಾಗಿ ಕೂರತ್ತೆ. ಸ್ಥಳದಲ್ಲೇ ಬರೆದದ್ದು ಅಂತ ಹಾಕಿದ್ರೇನೇ ಸ್ಪರ್ಧೆಗೆ ತಗೋತಾರೆ. ಹಾಕೋಣ ಬಿಡಿ, ಯಾರು ನೋಡ್ತಾರೆ?" ಆಮೇಲೆ ಒಂದು ಲೇಯರನ್ನು ಹಿಡಿದು ಸಂದನ್ನು ಎಳೆದಿರಿ. ಕಾಫಿ ಹೀರುವ ಸದ್ದೂ ಕೇಳಿಸುತ್ತದೆ. ದೂರದ ಬೆಟ್ಟ ನುಣ್ಣಗೆ, ನಿಜ. ನೀವು ಮನೆಯಲ್ಲಿ ಕೂತು ಅದನ್ನು ಇನ್ನೂ ನುಣ್ಣಗೆ ಮಾಡಿದಿರಿ. ಹಾಗೆ ಮಾಡಿ, ಕಲ್ಪನೆಯಿಂದ ಬರೆದದ್ದು ಎಂದು ಎರಡು ಪದ ಹಾಕಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ನಿಮ್ಮ ಹೆಸರನ್ನು ಅಳಿಸಿಬಿಡೋಣ ಎಂದರು ಊರಿನ ಹಿರಿಯರು. ನಾನು ಒಪ್ಪಲಿಲ್ಲ. ಮರೆತುಹೋಗುವ ಪುಣ್ಯ ನಿಮಗೆ ಯಾಕೆ? ಆ ಹೆಂಚನ್ನು ಶಾಲೆಯ ಬಾಗಿಲಿಗೆ ಹಾಕಿಸಿದ್ದೇನೆ. ಹೊಸದಾಗಿ ಸೇರುವ ಪ್ರತಿ ಮಗುವಿಗೂ ನಿಮ್ಮ ದನಿ ಕೇಳಿಸುತ್ತೇನೆ, ಆಮೇಲೆ ಸಂದಿನ ಕೆಳಗೆ ಕರೆದುಕೊಂಡು ಹೋಗುತ್ತೇನೆ. ಈಗ ನಮ್ಮೂರಲ್ಲಿ ಹಾಲಿಗೆ ನೀರು ಬೆರೆಸಿದವನನ್ನೂ, ಅಳತೆಯಲ್ಲಿ ಕದ್ದವನನ್ನೂ ಪ್ರಭಂಜನ ಎಂದೇ ಕರೆಯುತ್ತಾರೆ. ಹೆತ್ತವರು ಮಗನಿಗೆ ಆ ಹೆಸರಿಡುವುದಿಲ್ಲ. ಇದು ನನ್ನ ಕೆಲಸ, ಮಾಡಿದ್ದಕ್ಕೆ ನನಗೆ ಸಂತೋಷವಿದೆ.

ಆದರೂ ಹೊಟ್ಟೆಯ ಉರಿ ಆರಿಲ್ಲ, ಕಾರಣ ಹೇಳುತ್ತೇನೆ. ಬದುಕಿರುವ ಮನುಷ್ಯರ ಕಣ್ಚಿತ್ರ ಬರೆಯುವುದು ನಮ್ಮಲ್ಲಿ ನಿಷಿದ್ಧ, ಅಷ್ಟು ಹೊತ್ತು ದಿಟ್ಟಿಸಿದರೆ ದೃಷ್ಟಿ ತಾಗುತ್ತದೆ ಎಂದು. ಫೋಟೊ ತೆಗೆಯುವುದೂ ಇಲ್ಲ. ಹಾಗಾಗಿ ಹುಲಿಗಿಯ ಮುಖ ಈಗ ನನ್ನ ರೆಪ್ಪೆಯೊಳಗೆ ಮಾತ್ರ ಇದೆ. ದಿನವೂ ಕಣ್ಣು ಮುಚ್ಚಿ ಅವಳನ್ನು ಬರೆಯುತ್ತೇನೆ. ಅವಳ ಎಡಗಡೆಯ ಹಲ್ಲು ಸೊಟ್ಟಗಿತ್ತು, ಮೊನ್ನೆ ನೋಡಿದರೆ ನನ್ನ ಚಿತ್ರದಲ್ಲಿ ನೆಟ್ಟಗಾಗಿತ್ತು. ಹಣೆಯ ಮೇಲೆ ಗಾಯದ ಕಲೆಯೊಂದಿತ್ತು, ಅದು ಯಾವ ಬದಿಗೆ ಎಂದು ಈಗ ಹೇಳಲಾರೆ. ನನ್ನ ಮಗಳು ದಿನದಿನಕ್ಕೆ ಚೆಂದವಾಗುತ್ತಿದ್ದಾಳೆ, ಪ್ರಭಂಜನ ಅವರೇ, ಅಷ್ಟಷ್ಟೇ ನನ್ನ ಮಗಳಲ್ಲದವಳಾಗುತ್ತಿದ್ದಾಳೆ.

ನಿಮಗೆ ಸಾವು ಬರಲಿ ಎಂದು ನಾನು ಹರಕೆ ಹೊತ್ತಿಲ್ಲ. ನಿಮಗೆ ತುಂಬು ಆಯುಷ್ಯ ಬರಲಿ. ನಿಮ್ಮ ಜೀವಕ್ಕಿಂತ ಹೆಚ್ಚಾದ ಮುಖವೊಂದು ನಿಮಗೂ ಇರಲಿ, ಅದು ನಿಮಗಿಂತ ಮೊದಲು ಹೋಗಲಿ. ಆಮೇಲೆ ನೀವು ಕಣ್ಣು ಮುಚ್ಚಿದಾಗಲೆಲ್ಲ ಅದು ಇನ್ನಷ್ಟು ಚೆಂದವಾಗುತ್ತ ಹೋಗಲಿ.

ಇಂತಿ,
ಹುಲಿಗಿಯ ತಾಯಿ
ಕೆಂಚವ್ವ